ರಾಯಚೂರಿನ ಬಿಸಿಲಿನಲ್ಲಿ ಕರಾಟೆ ಕ್ಲಾಸ್: ಎರಡು ಬೇಸಿಗೆಯ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಕೊನೆ ಹತ್ತಿರ ಬರೆದಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಂಥ ಊರಲ್ಲಿ ಮಕ್ಕಳನ್ನು ಕರಾಟೆಗೆ ಕಳಿಸಬೇಕೋ ಬೇಡವೋ ಅಂತ ಯೋಚನೆಯಲ್ಲಿರುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಉದ್ದ ಆಗಿದೆ, ನನಗೆ ಗೊತ್ತು.

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಕರಾಟೆ ಅಂದರೆ ಪ್ರಾಣ. ನಮ್ಮದು ಮೆಡಿಕಲ್ ಶಾಪ್, ನಾನೇ ಫಾರ್ಮಸಿಸ್ಟ್. ಮಾರ್ಚ್ ಬಂತೆಂದರೆ ಕೌಂಟರ್ ಮೇಲೆ ಓಆರ್‌ಎಸ್ ಡಬ್ಬ ಇಡುತ್ತೇವೆ, ಜೂನ್‌ನಲ್ಲಿ ಮಳೆ ಬೀಳುವವರೆಗೂ ಅದು ಅಲ್ಲೇ ಇರುತ್ತದೆ. ಹೊಲದಿಂದ ಬಂದವರು, ಶಕ್ತಿನಗರದ ಕಡೆಯಿಂದ ಕೆಲಸ ಮುಗಿಸಿ ಬಂದವರು, ತಲೆ ಸುತ್ತುತ್ತದೆ ಅಂತ ಅಂಗಡಿ ಕಟ್ಟೆ ಮೇಲೆ ಕುಸಿದು ಕೂತವರು, ಎಲ್ಲರನ್ನೂ ನೋಡಿದ್ದೇನೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಮಗನ ವಿಷಯದಲ್ಲಿ ಎಚ್ಚರ ತಪ್ಪಿದೆ. ಅದನ್ನು ಮೊದಲು ಹೇಳುತ್ತೇನೆ. ಈ ಕ್ಲಾಸ್ ನನಗೆ ಯಾಕೆ ಇಷ್ಟ ಆಯಿತು ಅಂತ ತಿಳಿಯಬೇಕಾದರೆ ಅದು ಗೊತ್ತಿರಬೇಕು.

ಹೋದ ವರ್ಷ ಅವನು ಬೇರೆ ಕಡೆ ಕಲಿಯುತ್ತಿದ್ದ. ಯಾವುದು ಅಂತ ಬರೆಯುವುದಿಲ್ಲ. ತಗಡಿನ ಶೆಡ್ಡು, ಸಂಜೆ ನಾಲ್ಕೂವರೆ ಬ್ಯಾಚ್. ನಾಲ್ಕೂವರೆ ಅಂದರೆ ನಮ್ಮೂರಲ್ಲಿ ಸಂಜೆಯಲ್ಲ, ಇನ್ನೂ ನಡು ಮಧ್ಯಾಹ್ನ. ತಗಡು ಬೆಳಗಿನಿಂದ ಕಾದು ಕಾದು ಆ ಹೊತ್ತಿಗೆ ಒಲೆ ಮೇಲಿನ ಹಂಚಿನ ಹಾಗೆ ಆಗಿರುತ್ತದೆ, ಹೊರಗಿನ ಬಿಸಿಲಿಗಿಂತ ಒಳಗೆ ನೆತ್ತಿ ಮೇಲೆ ಇಳಿಯುವ ಝಳವೇ ಜಾಸ್ತಿ. ಒಂದೂಕಾಲು ಗಂಟೆಯ ಕ್ಲಾಸಿನಲ್ಲಿ ನೀರಿಗೆ ಒಂದೇ ಸಲ ಬಿಡುವು. ನಡುವೆ ಯಾರಾದರೂ ಕೇಳಿದರೆ, ನೀರು ನೀರು ಅನ್ನುವವರು ಫೈಟರ್ ಆಗಲ್ಲ ಅಂತ ಎಲ್ಲರ ಮುಂದೆ ಅನ್ನಿಸಿಕೊಳ್ಳಬೇಕು. ಮಕ್ಕಳು ಕೇಳುವುದನ್ನೇ ಬಿಟ್ಟಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ಮಾರ್ಚ್ ಕೊನೆಯ ವಾರ. ಅವನನ್ನು ಕರೆದುಕೊಂಡು ಬರಲು ಹೋದರೆ ಮಾತೇ ಆಡಲಿಲ್ಲ. ಸ್ಕೂಟರ್ ಹಿಂದೆ ಕೂತು ನನ್ನ ಬೆನ್ನಿಗೆ ತಲೆ ಇಟ್ಟ. ಹಣೆಯ ಬಿಸಿ ಬಟ್ಟೆ ದಾಟಿ ಬೆನ್ನಿಗೆ ತಾಗುತ್ತಿತ್ತು. ಕೋಟೆ ಹತ್ತಿರ ಬರುವಷ್ಟರಲ್ಲಿ "ಅಮ್ಮ, ಗಾಡಿ ನಿಲ್ಲಿಸು" ಅಂದ, ನಿಲ್ಲಿಸುವ ಮೊದಲೇ ವಾಂತಿ ಮಾಡಿಕೊಂಡ. ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತ್ತು, ಮುಟ್ಟಿದರೆ ಕೂಗುತ್ತಿದ್ದ. ಪಕ್ಕದಲ್ಲಿ ತಾಟಿನಿಂಗು ಮಾರುತ್ತಿದ್ದ ಅಜ್ಜಿಯೊಬ್ಬರು ಓಡಿ ಬಂದು ತಮ್ಮ ಕೊಡದ ನೀರು ಕೊಟ್ಟರು. "ಕೂಸಿನ್ನ ನೆಳ್ಳಿಗಿ ತಗೋರಿ ಮೊದ್ಲ" ಅಂತ ಗದರಿದರು. ನನ್ನ ವೇಲ್ ತೋಯಿಸಿ ಕುತ್ತಿಗೆಗೆ ಸುತ್ತಿದೆ, ಅಂಗಿ ಬಿಚ್ಚಿ ಮೈಗೆ ನೀರು ಹಾಕಿದೆ, ಹತ್ತು ನಿಮಿಷದ ಮೇಲೆ ಮುಖಕ್ಕೆ ಕಳೆ ಬಂತು. ಅಷ್ಟಕ್ಕೇ ನಿಂತಿತು. ಅದು ಬಿಸಿಲಿನ ಬಳಲಿಕೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಳಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತೊದಲಲು ಶುರುವಾದರೆ ಅದನ್ನೇ ಹೀಟ್ ಸ್ಟ್ರೋಕ್ ಅನ್ನುವುದು, ಅದು ಜೀವಕ್ಕೇ ಬರುತ್ತದೆ.

ಮನೆಯಲ್ಲಿ ಎಲ್ಲರೂ ಕರಾಟೆ ಬಿಡಿಸು ಅಂದರು. ಮಾವ ಒಬ್ಬರೇ ಬೇಡ ಅಂದವರು. ಅವರು ಕುಷ್ಟಗಿ ಕಡೆಯವರು, ಹುಡುಗರಾಗಿದ್ದಾಗ ಗರಡಿಯಲ್ಲಿ ಸಾಮು ಮಾಡಿದವರು. "ಯವ್ವಾ, ನಾವು ಬ್ಯಾಸಗ್ಯಾಗ ಸಾಮು ಬಿಟ್ಟಿದ್ದಿಲ್ಲ. ಆದ್ರ ಹೊತ್ತು ಏರೂದ್ರೊಳಗ ಮುಗಿಸಿರ್ತಿದ್ವಿ" ಅಂದರು. ಗರಡಿ ಮನೆ ಒಳಗೆ ಹೋಗಿ ನೋಡಿದವರಿಗೆ ಗೊತ್ತು, ದಪ್ಪ ಗೋಡೆ, ಬಗ್ಗಿ ಹೋಗಬೇಕಾದ ಸಣ್ಣ ಬಾಗಿಲು, ಮೇಲೆಲ್ಲೋ ಒಂದು ಬೆಳಕಿಂಡಿ, ಕೆಳಗೆ ಹದ ಮಾಡಿದ ಕೆಂಪು ಮಣ್ಣು. ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಣ್ಣೆ ಹಾಕಿ ಅಗೆಯುತ್ತಿದ್ದರಂತೆ, ಮಲಗಿದರೆ ಬೆನ್ನಿಗೆ ತಂಪು ಹತ್ತುತ್ತಿತ್ತಂತೆ. ಬಿಸಿಲು ಒಳಗೆ ಬರಬಾರದು ಅಂತಲೇ ಕಟ್ಟಿದ ಜಾಗ ಅದು. ಮಾವನ ಮಾತು ಕೇಳಿದ ಮೇಲೆ ಕರಾಟೆ ಬಿಡಿಸುವ ಯೋಚನೆ ಬಿಟ್ಟು ಬೇರೆ ಕ್ಲಾಸ್ ಹುಡುಕಲು ಹೊರಟೆ.

ಮೂರು ಕಡೆ ಹೋಗಿ ಕೇಳಿದೆ. ಫೀಸು ಎಷ್ಟು, ಬೆಲ್ಟ್ ಎಷ್ಟು ದಿನಕ್ಕೆ ಅಂತ ಕೇಳಲಿಲ್ಲ. ಏಪ್ರಿಲ್‌ನಲ್ಲಿ ಎಷ್ಟು ಗಂಟೆಗೆ ಕ್ಲಾಸ್, ನೀರು ಎಷ್ಟು ಸಲ, ಈ ಎರಡೇ ಪ್ರಶ್ನೆ. ಒಂದು ಕಡೆ ಎಸಿ ಹಾಲ್ ಇತ್ತು. ಫೀಸು ಎರಡು ಪಟ್ಟು, ಮನೆಯಿಂದ ದೂರ, ಬೇಸಿಗೆಯಲ್ಲಿ ಕರೆಂಟ್ ಹೋದರೆ ಕಿಟಕಿ ಇಲ್ಲದ ಆ ಹಾಲ್‌ನಲ್ಲಿ ನಿಲ್ಲುವುದಕ್ಕೇ ಆಗುವುದಿಲ್ಲ. ಇನ್ನೊಂದು ಕಡೆ ಸರಿಯಾಗಿ ಉತ್ತರವೇ ಸಿಗಲಿಲ್ಲ. ಮೂರನೆಯದು ಇದು. ಇಲ್ಲಿನ ಮಾಸ್ಟರ್ ನನ್ನ ಪ್ರಶ್ನೆ ಕೇಳಿ ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಮುಂದಿಟ್ಟರು. ಪ್ರತಿ ಮಗುವಿನ ಹೆಸರು, ತಾರೀಕು, ಕ್ಲಾಸಿಗೆ ಮುಂಚಿನ ತೂಕ, ಕ್ಲಾಸ್ ಆದ ಮೇಲಿನ ತೂಕ. ಫೆಬ್ರವರಿ ಕೊನೆಯಿಂದ ಜೂನ್‌ವರೆಗೂ ಬರೆಯುತ್ತಾರೆ. ಆ ನೋಟ್‌ಬುಕ್ ನೋಡಿಯೇ ನಾನು ಅಡ್ಮಿಷನ್ ಮಾಡಿಸಿದ್ದು.

ತೂಕದ ಲೆಕ್ಕ ತುಂಬ ಸರಳ. ಒಂದು ಗಂಟೆಯಲ್ಲಿ ಯಾರೂ ಕೊಬ್ಬು ಕರಗಿಸಿ ಅರ್ಧ ಕೆಜಿ ಇಳಿಯುವುದಿಲ್ಲ. ಇಳಿದದ್ದೆಲ್ಲ ಹೆಚ್ಚು ಕಡಿಮೆ ನೀರೇ. ಒಂದು ಕೆಜಿ ಇಳಿದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ಮೈತೂಕದ 2 ಪರ್ಸೆಂಟ್‌ಗಿಂತ ಜಾಸ್ತಿ ನೀರು ಹೋದರೆ ಕಾಲು ಭಾರ ಆಗುತ್ತದೆ, ಗಮನ ತಪ್ಪುತ್ತದೆ, ಏಟು ತಪ್ಪಿಸಿಕೊಳ್ಳುವುದು ನಿಧಾನ ಆಗುತ್ತದೆ. ನನ್ನ ಮಗ ಏಪ್ರಿಲ್ ಮೊದಲ ವಾರ ಒಂದು ದಿನ ಒಳಗೆ ಹೋಗುವಾಗ 34.2, ಹೊರಗೆ ಬರುವಾಗ 33.7. ನಡುವೆ ಕುಡಿದದ್ದನ್ನು ಬಿಟ್ಟು ಇನ್ನೂ ಅರ್ಧ ಕೆಜಿ. ಅವನಿಗೆ 2 ಪರ್ಸೆಂಟ್ ಅಂದರೆ ಏಳುನೂರು ಗ್ರಾಂ ಹತ್ತಿರ, ಅದರ ಅಂಚಿಗೇ ಬಂದಿದ್ದ. ಮರುದಿನದಿಂದ ಅವನ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆ, ಅಂದರೆ ಅವನು ಕೇಳಲಿ ಬಿಡಲಿ ಪ್ರತಿ ಬಿಡುವಿನಲ್ಲೂ ಕುಡಿಯಲೇಬೇಕು. ಮೇ ಹೊತ್ತಿಗೆ ಇನ್ನೂರು ಗ್ರಾಂ ಮೇಲೆ ಇಳಿಯಲಿಲ್ಲ.

ಉಲ್ಟಾ ಕೂಡ ನೋಡುತ್ತಾರೆ. ಹೆದರಿದ ಒಬ್ಬ ತಾಯಿ ಮಗಳಿಗೆ ಎರಡು ಲೀಟರ್ ಬಾಟಲಿ ಕಟ್ಟಿ ಪೂರ್ತಿ ಖಾಲಿ ಮಾಡಬೇಕು ಅಂತ ಕಳಿಸುತ್ತಿದ್ದರು. ಆ ಹುಡುಗಿಯ ತೂಕ ಕ್ಲಾಸ್ ಆದ ಮೇಲೆ ಏರಿತ್ತು. ಮಾಸ್ಟರ್ ಆ ತಾಯಿಯನ್ನು ಕರೆದು ಮಾತಾಡಿದರು. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ, ಅದರ ಮೇಲೆ ಬರೀ ನೀರನ್ನು ಲೀಟರ್‌ಗಟ್ಟಲೆ ಸುರಿದರೆ ರಕ್ತದಲ್ಲಿ ಉಪ್ಪಿನಂಶ ತಗ್ಗಿ ಅದೂ ಅಪಾಯ. ನಮ್ಮ ಅಂಗಡಿಗೆ ಬರುವವರಿಗೆ ನಾನು ಹೇಳುವ ಮಾತನ್ನೇ ಒಬ್ಬ ಕರಾಟೆ ಮಾಸ್ಟರ್ ಬಾಯಲ್ಲಿ ಕೇಳಿ ಸಮಾಧಾನ ಆಯಿತು.

ಟೈಮಿಂಗ್ ಹೇಳುತ್ತೇನೆ. ಬೇಸಿಗೆಯಲ್ಲಿ ಬೆಳಗಿನ ಬ್ಯಾಚ್ 5.15ಕ್ಕೆ ಶುರು, 6.30ಕ್ಕೆ ಮುಗಿಯಲೇಬೇಕು. ಸೂರ್ಯ ಹುಟ್ಟುವ ಮುಂಚಿನ ಹೊತ್ತೇ ದಿನದಲ್ಲಿ ಎಲ್ಲಕ್ಕಿಂತ ತಂಪು, ಮೇನಲ್ಲಿ ಆ ಹೊತ್ತಿಗೂ ದೊಡ್ಡ ತಂಪೇನಿಲ್ಲ, ಆದರೂ ಉಸಿರಾಡಬಹುದು. ಸಂಜೆ ಬ್ಯಾಚ್ 7.30ಕ್ಕೆ. ನಾಲ್ಕೂವರೆ, ಐದಕ್ಕೆ ಯಾರೆಷ್ಟು ಕೇಳಿಕೊಂಡರೂ ಬ್ಯಾಚ್ ಇಲ್ಲ. ಟ್ಯೂಷನ್‌ಗೆ ಅಡ್ಡ ಬರುತ್ತದೆ ಅಂತ ಕೆಲವು ಪೋಷಕರು ಬಿಟ್ಟು ಹೋದರು, ಮಾಸ್ಟರ್ ಟೈಮ್ ಬದಲಿಸಲಿಲ್ಲ.

ಸಂಜೆ ಕ್ಲಾಸ್ ನಡೆಯುವುದು ಶಹಾಬಾದ್ ಕಲ್ಲು ಹಾಸಿದ ತೆರೆದ ಅಂಗಳದಲ್ಲಿ. ಈ ಕಲ್ಲಿನ ಗುಣ ನಮಗೆಲ್ಲ ಗೊತ್ತಿದೆ ಅಲ್ವಾ, ಬಿಸಿಲು ಇಳಿದರೂ ಕಲ್ಲು ಇಳಿಯುವುದಿಲ್ಲ, ಹಗಲೆಲ್ಲ ಕುಡಿದ ಕಾವನ್ನು ರಾತ್ರಿಯವರೆಗೂ ಬಿಡುತ್ತಾ ಇರುತ್ತದೆ. ಕರಾಟೆ ಬರಿಗಾಲಿನ ಕಲೆ. ಆರು ಗಂಟೆಗೆ ಒಬ್ಬರು ಅಂಗಳಕ್ಕೆಲ್ಲ ನೀರು ಹೊಡೆಯುತ್ತಾರೆ. ಏಳೂಕಾಲಿಗೆ ಮಾಸ್ಟರ್ ಮಂಡಿಯೂರಿ ಕೂತು ಅಂಗೈ ಕಲ್ಲಿನ ಮೇಲೆ ಒತ್ತಿ ಹಿಡಿದು ಹತ್ತು ಎಣಿಸುತ್ತಾರೆ. ಹತ್ತರವರೆಗೆ ಕೈ ಇಡಲು ಆಗದಿದ್ದರೆ ಇನ್ನೊಂದು ಸಲ ನೀರು, ಅಥವಾ ಅವತ್ತು ಮ್ಯಾಟ್ ಹಾಸಿ ಕೂರಿಸಿಕೊಂಡು ಪಾಠ. ಮೂಲೆ ಮೂಲೆಗೂ ಹೋಗಿ ಹೀಗೆ ಅಂಗೈ ಇಟ್ಟು ನೋಡುತ್ತಾರೆ. ಗೋಡೆ ಪಕ್ಕದ ಕಲ್ಲು ಕೊನೆಗೆ ತಣ್ಣಗಾಗುತ್ತದಂತೆ, ಅಲ್ಲಿ ಸಣ್ಣ ಮಕ್ಕಳನ್ನು ನಿಲ್ಲಿಸುವುದಿಲ್ಲ. ಹಿಂದಿನ ಕ್ಲಾಸಿನಲ್ಲಿ ನನ್ನ ಮಗನ ಅಂಗಾಲಲ್ಲಿ ಎರಡು ಸಲ ಬೊಬ್ಬೆ ಎದ್ದಿತ್ತು. ಇಲ್ಲಿ ಒಂದು ಸಲವೂ ಇಲ್ಲ.

ಹೊಸದಾಗಿ ಸೇರಿದವರಿಗೆ ಏಪ್ರಿಲ್‌ನಲ್ಲಿ ಮೊದಲ ಮೂರು ನಾಲ್ಕು ದಿನ ಇಪ್ಪತ್ತೇ ನಿಮಿಷ ಅಭ್ಯಾಸ. ಉಳಿದ ಹೊತ್ತು ನೆರಳಲ್ಲಿ ಕೂತು ನೋಡಬೇಕು. ಫೀಸು ಪೂರ್ತಿ ಕೊಟ್ಟಿದ್ದೇವಲ್ಲ ಅಂತ ಜಗಳ ಮಾಡಿದವರನ್ನೂ ನೋಡಿದೆ. ಆದರೆ ಮಾಸ್ಟರ್ ಹೇಳುವುದು ಸರಿ. ಬಿಸಿಲಿನಲ್ಲಿ ದುಡಿಯಲು ಮೈ ಒಗ್ಗಿಕೊಳ್ಳಬೇಕಾದರೆ ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಮೊದಲಿನಷ್ಟು ಏರುವುದಿಲ್ಲ. ರಜೆಗೆ ಬೆಂಗಳೂರಿಗೆ ಹೋಗಿ ಹದಿನೈದು ದಿನ ಇದ್ದು ಬಂದ ಮಕ್ಕಳಿಗೆ ಮತ್ತೆ ಇಪ್ಪತ್ತು ನಿಮಿಷದಿಂದಲೇ ಶುರು. ಬ್ರೌನ್ ಬೆಲ್ಟ್ ಆದರೂ ಅಷ್ಟೇ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಒಂದು ಮಾತು ಹೇಳಬೇಕು, ಕರಾವಳಿಯವರು ಓದುತ್ತಿದ್ದರೆ ಅವರಿಗೆ ಇದು ಬೇರೆ ಥರ. ಮಂಗಳೂರಿನಲ್ಲಿ ಬೆವರು ಮೈಮೇಲೆ ಹರಿಯುತ್ತದೆ, ಆರುವುದಿಲ್ಲ, ಅದಕ್ಕೇ ಅಲ್ಲಿ ಸೆಕೆ. ಇಲ್ಲಿ ಗಾಳಿ ಒಣಗಿರುತ್ತದೆ. ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ. ಗಡಿಗೆಯ ನೀರು ತಣ್ಣಗಾಗುವುದೂ, ಮನೆಯ ಕೂಲರ್ ತಂಪು ಕೊಡುವುದೂ ಹೀಗೆ ನೀರು ಆವಿಯಾಗುವುದರಿಂದಲೇ, ಆದ್ದರಿಂದ ಒಣ ಬಿಸಿಲು ಮೈ ತಣಿಯುವುದಕ್ಕೆ ಒಳ್ಳೆಯದೇ. ಆದರೆ ಮೋಸವೂ ಅದರಲ್ಲೇ ಇದೆ. ಅಂಗಿ ಒದ್ದೆಯಾಗಿಲ್ಲ, ಅಂದಮೇಲೆ ಜಾಸ್ತಿ ಬೆವರಿಲ್ಲ ಅಂತ ಅಂದುಕೊಳ್ಳುತ್ತೇವೆ. ನನ್ನ ಮಗನ ನೇವಿ ಬ್ಲೂ ಟೀ ಶರ್ಟ್ ಬೆನ್ನಿನ ಮೇಲೆ ಬೆಳ್ಳಗೆ ಅಲೆ ಅಲೆಯಾಗಿ ಗೆರೆ ಕೂತಿರುತ್ತವೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅದೆಲ್ಲ ಉಪ್ಪು. ಒಣಗಿದ ಅಂಗಿ ನೋಡಿ ಏನೂ ಆಗಿಲ್ಲ ಅಂತ ಸುಮ್ಮನಾಗುವ ಬದಲು ಆ ಗೆರೆ ನೋಡಿ.

ಫ್ಯಾನ್ ವಿಷಯ ಕೂಡ. ಹೊರಗೆ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಬೀಸುವುದು ಬಿಸಿಗಾಳಿಯನ್ನೇ, ಆಗ ಅದನ್ನು ನಂಬಿಕೊಂಡು ಕೂರಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಇಲ್ಲಿ ಎರಡು ದೊಡ್ಡ ಫ್ಯಾನ್ ಇವೆ, ಜೊತೆಗೆ ಒದ್ದೆ ಟವಲ್ ತುಂಬಿದ ಒಂದು ಬಕೆಟ್ ಯಾವಾಗಲೂ ಇರುತ್ತದೆ. ಬಿಡುವಿನಲ್ಲಿ ಮಕ್ಕಳು ಟವಲ್ ಕುತ್ತಿಗೆಗೆ ಹಾಕಿಕೊಂಡು ಫ್ಯಾನ್ ಮುಂದೆ ನಿಲ್ಲುತ್ತಾರೆ.

ಡ್ರೆಸ್ ಬಗ್ಗೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಮೇಲಿನ ಜಾಕೆಟ್ ಬೇಡ, ಟೀ ಶರ್ಟ್, ಕರಾಟೆ ಪ್ಯಾಂಟ್, ಸೊಂಟಕ್ಕೆ ಬೆಲ್ಟ್. ಟೆಸ್ಟ್ ಇದ್ದಾಗ ಮಾತ್ರ ಪೂರ್ತಿ ಡ್ರೆಸ್. ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು, 12 ಔನ್ಸ್, 14 ಔನ್ಸ್ ಅಂತ ಬರುವ ದಪ್ಪ ಬಟ್ಟೆಯ ಡ್ರೆಸ್ ನೋಡಲು ಚೆಂದ, ಪಂಚ್ ಹೊಡೆದಾಗ ಪಟ್ ಅಂತ ಸದ್ದು ಬರುತ್ತದೆ, ಅದಕ್ಕೆ ಮಕ್ಕಳು ಆಸೆ ಪಡುತ್ತಾರೆ. ನಮ್ಮೂರಿನ ಬೇಸಿಗೆಗೆ 8 ಔನ್ಸ್ ಸಾಕು, ಹತ್ತಿ ಜಾಸ್ತಿ ಇರುವುದು ನೋಡಿ ತಗೊಳ್ಳಿ. ಕ್ಲಾಸಿನಲ್ಲೇ ಮಾರುವ ಡ್ರೆಸ್ ಪಾಲಿಯೆಸ್ಟರ್ ಮಿಶ್ರಣದ್ದು, ಬೆನ್ನಿಗೆ ಅಂಟುತ್ತದೆ, ನನಗೆ ಇಷ್ಟ ಆಗಲಿಲ್ಲ. ಹೊರಗೆ ತಂದರೆ ಬೇಡ ಅನ್ನುವುದಿಲ್ಲ, ಅದು ಒಳ್ಳೆಯದು.

ನೀರಿನ ಬಿಡುವು ಹದಿನೈದು ನಿಮಿಷಕ್ಕೊಂದು. ಮಾಸ್ಟರ್ "ಯಾಮೆ" ಅಂದರೆ ನಿಲ್ಲಿಸಿ ಅಂತ, ಆಮೇಲೆ "ನೀರು" ಅಂತ ಕೂಗುತ್ತಾರೆ, ಎಲ್ಲರೂ ಬಾಟಲಿ ಹತ್ತಿರ ಹೋಗಲೇಬೇಕು. ಬಾಯಾರಿಲ್ಲ ಸರ್ ಅಂದರೂ ನಾಲ್ಕು ಗುಟುಕು. ಆಟದ ಮತ್ತಿನಲ್ಲಿರುವ ಮಕ್ಕಳಿಗೆ ಬಾಯಾರಿದ್ದು ತಿಳಿಯುವುದು ತಡ, ದೊಡ್ಡವರಷ್ಟು ಬೆವರುವುದೂ ಇಲ್ಲ. ಕ್ಲಾಸ್ ಮುಗಿದ ಮೇಲೆ ಸ್ಟೀಲ್ ಡ್ರಮ್ಮಿನಲ್ಲಿ ಮಜ್ಜಿಗೆ ಇರುತ್ತದೆ, ಉಪ್ಪು, ಶುಂಠಿ, ಕರಿಬೇವು ಹಾಕಿದ್ದು. ತಿಂಗಳಿಗೆ ಫೀಸು 700, ಮಜ್ಜಿಗೆಗೆ ಬೇರೆ ದುಡ್ಡಿಲ್ಲ. ಕೋಲಾ, ಎನರ್ಜಿ ಡ್ರಿಂಕ್ ಒಳಗೆ ತರುವ ಹಾಗಿಲ್ಲ.

ಓಆರ್‌ಎಸ್ ಬಗ್ಗೆ ಪೋಷಕರಲ್ಲಿ ತುಂಬ ಗೊಂದಲ ಇದೆ, ದಿನಾ ಕೌಂಟರಿನಲ್ಲಿ ನೋಡುತ್ತೇನೆ. ಒಂದು ಗಂಟೆಯ ಕ್ಲಾಸಿಗೆ ದಿನಾ ಓಆರ್‌ಎಸ್ ಬೇಕಾಗಿಲ್ಲ. ನೀರು, ಉಪ್ಪು ಹಾಕಿದ ಮಜ್ಜಿಗೆ, ಮನೆಗೆ ಹೋಗಿ ಒಂದು ಲೋಟ ಅಂಬಲಿ, ಅಷ್ಟು ಸಾಕು. ತುಂಬ ಬೆವರಿದಾಗ, ಕಾಲು ಹಿಡಿದುಕೊಂಡಾಗ, ವಾಂತಿ ಆದಾಗ ಕೊಡಿ. ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತಾರೆ, ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ದೊಡ್ಡ ಪ್ಯಾಕೆಟ್ ಒಂದೇ ಲೋಟಕ್ಕೆ ಕಲಸಿ ಕುಡಿಸುವವರಿದ್ದಾರೆ, ಹಾಗೆ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ತಲೆತಟ್ಟಿ ಅಳೆಯಬೇಕು. ಬಣ್ಣದ ಡಬ್ಬಿಯಲ್ಲಿ ಹಣ್ಣಿನ ರುಚಿ ಹಾಕಿ ಓಆರ್‌ಎಸ್ ಅನ್ನುವ ಹೆಸರಿನಲ್ಲಿ ಮಾರುತ್ತಿದ್ದ ಸಕ್ಕರೆ ಪಾನೀಯಗಳಿಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ಒಬ್ಬ ಅಂಗಡಿಯವಳಾಗಿ ನನಗೆ ಅವತ್ತು ಆದ ಖುಷಿ ಇಷ್ಟಿಷ್ಟಲ್ಲ, ಎಷ್ಟು ಜನ ತಾಯಂದಿರಿಗೆ ಅದು ಬೇರೆ ಇದು ಬೇರೆ ಅಂತ ಹೇಳಿ ಹೇಳಿ ಸಾಕಾಗಿತ್ತು.

ಈಗ ನಾನು ಈ ಕ್ಲಾಸನ್ನು ಪೂರ್ತಿ ನಂಬಿದ ದಿನದ ಕಥೆ. ಏಪ್ರಿಲ್ ಕೊನೆ, ಸಂಜೆ ಬ್ಯಾಚ್, ಎಂಟು ಗಂಟೆ ಹತ್ತಿರ. ಇಲ್ಲಿ ಮಕ್ಕಳು ಸರದಿ ಪ್ರಕಾರ ಜಪಾನಿಯಲ್ಲಿ ಎಣಿಸುತ್ತಾರೆ, ಇಚಿ, ನಿ, ಸಾನ್, ಶಿ, ಗೋ ಅಂತ, ಒಂದೊಂದು ಎಣಿಕೆಗೂ ಒಂದೊಂದು ಪಂಚ್. ಹದಿನೈದು ವರ್ಷದ ಒಬ್ಬ ಹುಡುಗನ ಸರದಿ. ಮಧ್ಯಾಹ್ನವೆಲ್ಲ ಕ್ರಿಕೆಟ್ ಆಡಿ ನೇರವಾಗಿ ಕ್ಲಾಸಿಗೆ ಬಂದಿದ್ದನಂತೆ. ಗೋ ವರೆಗೂ ಸರಿಯಾಗಿ ಎಣಿಸಿದ, ಆಮೇಲೆ ಮತ್ತೆ ಸಾನ್ ಅಂದ. ಮಕ್ಕಳು ನಕ್ಕರು. ಮಾಸ್ಟರ್ ನಗಲಿಲ್ಲ. ತಕ್ಷಣ ಯಾಮೆ ಅಂದು ಅವನ ಹತ್ತಿರ ಹೋಗಿ ಗಲ್ಲ ಹಿಡಿದು ಕಣ್ಣು ನೋಡಿದರು. "ತಮ್ಮಾ, ಇವತ್ತು ಯಾವ ವಾರ?" ಅಂತ ಕೇಳಿದರು. ಹುಡುಗ ಬಾಯಿ ತೆರೆದ, ಉತ್ತರ ಬರಲಿಲ್ಲ. ಹಣೆಯಲ್ಲಿ ಬೆವರು ಇತ್ತು, ನಾನು ಕಣ್ಣಾರೆ ನೋಡಿದೆ. ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್ ಅಂತ ಜನ ಅಂದುಕೊಂಡಿದ್ದಾರೆ, ಕಸರತ್ತು ಮಾಡುವಾಗ ಬಡಿಯುವ ಹೀಟ್ ಸ್ಟ್ರೋಕ್‌ನಲ್ಲಿ ಬೆವರು ಬರುತ್ತಲೇ ಇರಬಹುದು. ಮಾತು, ಎಣಿಕೆ, ನಡಿಗೆ ತಪ್ಪಿದರೆ ಅದೇ ಸೂಚನೆ.

ಮುಂದಿನದೆಲ್ಲ ಒಂದು ನಿಮಿಷದಲ್ಲಿ ಆಯಿತು. ದೊಡ್ಡ ಹುಡುಗರಿಬ್ಬರು ಅವನನ್ನು ಮಲಗಿಸಿ ಟೀ ಶರ್ಟ್ ತೆಗೆದರು, ಡ್ರಮ್ಮಿನ ನೀರನ್ನು ಚೆಂಬಿನಿಂದ ತಲೆಯಿಂದ ಕಾಲಿನವರೆಗೂ ಸುರಿದರು, ಒದ್ದೆ ಟವಲ್ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟರು, ಫ್ಯಾನ್ ತಂದು ಹತ್ತಿರ ತಿರುಗಿಸಿದರು, ಟವಲ್ ಬಿಸಿಯಾದ ಹಾಗೆ ಬದಲಿಸುತ್ತಲೇ ಇದ್ದರು. ಬಾಯಿಗೆ ಏನೂ ಹಾಕಲಿಲ್ಲ, ಪ್ರಜ್ಞೆ ಸರಿ ಇಲ್ಲದಾಗ ಹಾಕಬಾರದು. ನಾನು 108ಕ್ಕೆ ಫೋನ್ ಮಾಡಿದೆ. ಯಾರೋ ಒಬ್ಬರು ಕಾರಿದೆ, ಎತ್ತಿಕೊಂಡು ಹೋಗೋಣ ಅಂದರು. "ಮೊದ್ಲು ಮೈ ತಣ್ಣಗಾಗ್ಲಿ, ಆಮ್ಯಾಲೆ ದವಾಖಾನಿ" ಅಂದರು ಮಾಸ್ಟರ್. ಅದೇ ಸರಿಯಾದ ಕ್ರಮ, ತಣಿಸಲು ತಡವಾದ ಒಂದೊಂದು ನಿಮಿಷವೂ ಒಳಗಿನ ಅಂಗಾಂಗಗಳಿಗೆ ಏಟು. ಆಂಬುಲೆನ್ಸ್ ಬರುವಷ್ಟರಲ್ಲಿ ಹುಡುಗ ಬುಧವಾರ ಅಂದ, ಅಮ್ಮನ ಹೆಸರು ಹೇಳಿದ. ಆದರೂ ಆಸ್ಪತ್ರೆಗೆ ಕಳಿಸಿದರು. ಒಂದು ವಾರ ಕ್ಲಾಸಿಗೆ ಸೇರಿಸಲಿಲ್ಲ, ಆಮೇಲೆ ಮತ್ತೆ ಇಪ್ಪತ್ತು ನಿಮಿಷದಿಂದ ಶುರು. ಮರುದಿನ ನೋಟ್‌ಬುಕ್ಕಿನಲ್ಲಿ ಹೊಸದೊಂದು ಕಾಲಂ ಬಂತು, ಕ್ಲಾಸಿಗೆ ಬರುವ ಮುಂಚೆ ಬಿಸಿಲಿನಲ್ಲಿ ಆಡಿದ್ದಾರಾ ಅಂತ. ಈಗ ಪ್ರತಿದಿನ ಕೇಳುತ್ತಾರೆ. ಜ್ವರ, ಭೇದಿ ಆಗಿ ಎರಡು ದಿನ ಆಗಿದ್ದರೂ ಅಭ್ಯಾಸ ಇಲ್ಲ.

ಮಕ್ಕಳು ಮೊಬೈಲಿನಲ್ಲಿ ನೋಡಿ ಬಂದು ಕೇಳುವ ಪ್ರಶ್ನೆ ಒಂದಿದೆ. ಜಪಾನಿನಲ್ಲಿ ಬ್ಲ್ಯಾಕ್ ಬೆಲ್ಟಿನವರು ಹಿಮದಲ್ಲಿ ಬರಿಗಾಲಲ್ಲಿ ನಿಂತು, ತಣ್ಣಗಿನ ಸಮುದ್ರದ ನೀರಿನಲ್ಲಿ ಸೊಂಟದವರೆಗೂ ನಿಂತು ಪಂಚ್ ಮಾಡುತ್ತಾರಲ್ಲ, ನಾವ್ಯಾಕೆ ಬಿಸಿಲಿನಲ್ಲಿ ಮಾಡಬಾರದು? ನನ್ನ ಮಗನೇ ಕೇಳಿದ. ಮಾಸ್ಟರ್ ಎಲ್ಲರನ್ನೂ ಕೂರಿಸಿ ಹೇಳಿದರು. ಅದಕ್ಕೆ ಕಾನ್‌ಗೇಕೋ ಅಂತ ಹೆಸರು. ಕಾನ್ ಅಂದರೆ ಚಳಿ, ಕೇಕೋ ಅಂದರೆ ಅಭ್ಯಾಸ. ಜನವರಿಯ ಕಡುಚಳಿಯಲ್ಲಿ ಲೆಕ್ಕದ ಕೆಲವು ದಿನ, ನಸುಕಿನಲ್ಲಿ ಮಾಡುತ್ತಾರೆ. ಬೇಸಿಗೆಯದು ಶೋಚುಗೇಕೋ. ಕಾನೋ ಜಿಗೊರೋ ಅವರು 1882ರಲ್ಲಿ ಟೋಕಿಯೋದಲ್ಲಿ ಶುರು ಮಾಡಿದ ಜೂಡೋ ಶಾಲೆ ಕೊಡೊಕಾನ್‌ನಲ್ಲಿ ಎರಡೂ ಇವೆ. ವರ್ಷವಿಡೀ ತಯಾರಾದವರು ವರ್ಷಕ್ಕೊಮ್ಮೆ ಮಾಡುವ ಕೆಲಸ ಅದು, ಮೊನ್ನೆ ಸೇರಿದ ವೈಟ್ ಬೆಲ್ಟಿಗಲ್ಲ. ಇನ್ನೊಂದು ಮಾತು ಹೇಳಿದರು, ಅದು ನನಗೆ ಹೊಸದು. ಜಪಾನಿನಲ್ಲಿ 35 ಡಿಗ್ರಿ ಮುಟ್ಟಿದ ದಿನಕ್ಕೆ ಮೋಶೋಬಿ ಅಂತ ಬೇರೆ ಹೆಸರೇ ಇದೆಯಂತೆ, ಕಡುಬಿಸಿಲಿನ ದಿನ ಅಂತ. ನಮ್ಮಲ್ಲಿ ಫೆಬ್ರವರಿ ಕೊನೆಗೇ ಪಾದರಸ ಅಲ್ಲಿಗೆ ಬಂದಿರುತ್ತದೆ. ಮೇನಲ್ಲಿ 42, 43 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅವರ ಬೇಸಿಗೆ ಅಭ್ಯಾಸವನ್ನು ಇಲ್ಲಿನ ಮಧ್ಯಾಹ್ನಕ್ಕೆ ತಂದು ಹಾಕಿದರೆ ಅದು ಅಭ್ಯಾಸ ಆಗುವುದಿಲ್ಲ ಅಂದರು. ಮಕ್ಕಳು ಸುಮ್ಮನೆ ಕೇಳಿಸಿಕೊಂಡರು. ಎಲ್ಲಕ್ಕಿಂತ ಹೆಚ್ಚಾಗಿ ಆ ನೀರಿನ ಮಾತು, ನೀರು ಕೇಳಿದರೆ ದುರ್ಬಲ ಅನ್ನುವ ಆ ಮಾತು, ನನ್ನ ಮಗನ ತಲೆಯಿಂದ ಹೋಯಿತು. ಮೊದಲ ತಿಂಗಳು ಅವನು ಇಲ್ಲೂ ಕೇಳಲು ಹೆದರುತ್ತಿದ್ದ. ಈಗ ಪಕ್ಕದ ಸಣ್ಣ ಹುಡುಗನಿಗೆ ತಾನೇ ಬಾಟಲಿ ತೆಗೆದು ಕೊಡುತ್ತಾನೆ.

ಚಳಿಗಾಲದ ಬಗ್ಗೆ ಹೇಳಲು ಹೆಚ್ಚಿಲ್ಲ. ಡಿಸೆಂಬರ್ ನಸುಕಿನಲ್ಲಿ ಸ್ವಲ್ಪ ಮೈ ನಡುಗುತ್ತದೆ ಅಷ್ಟೇ. ಆಗ ವಾರ್ಮಪ್ ಜಾಸ್ತಿ ಹೊತ್ತು ಮಾಡಿಸುತ್ತಾರೆ, ಮೈ ಬಿಸಿಯಾಗುವವರೆಗೂ ಎತ್ತರದ ಕಿಕ್ ಇಲ್ಲ, ಸ್ಪ್ಲಿಟ್ ಇಲ್ಲ. ಬಿಗಿದ ಸ್ನಾಯು ಎಳೆದುಕೊಂಡರೆ ತಿಂಗಳುಗಟ್ಟಲೆ ನೋವು.

ಇನ್ನು ಒಂದು ಸ್ಟಾರ್ ಯಾಕೆ ಕಡಿಮೆ. ದೊಡ್ಡ ಕಾರಣ ಬೆಲ್ಟ್ ಟೆಸ್ಟ್. ವರ್ಷವಿಡೀ ಇಷ್ಟು ಎಚ್ಚರ ಇರುವವರು ಮೇ ತಿಂಗಳ ಟೆಸ್ಟನ್ನು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಬಾಡಿಗೆ ಹಾಲ್‌ನಲ್ಲಿ, ಪೂರ್ತಿ ಡ್ರೆಸ್ಸಿನಲ್ಲಿ ಇಟ್ಟರು. ಹೊರಗಿನಿಂದ ಪರೀಕ್ಷಕರು ಬರಬೇಕು, ಅವರ ರೈಲು ಬರುವುದೇ ಹತ್ತಕ್ಕೆ ಅಂತ ಕಾರಣ. ಎಪ್ಪತ್ತು ಮಕ್ಕಳು, ಸರದಿ ಬರುವವರೆಗೂ ಎರಡು ಗಂಟೆ ಕಾಯಬೇಕು. ನೀರು, ಟವಲ್ ಎಲ್ಲ ಇತ್ತು, ಯಾರಿಗೂ ಏನೂ ಆಗಲಿಲ್ಲ, ಆದರೆ ನನ್ನ ಎದೆ ಅವತ್ತು ಪೂರ್ತಿ ಹೊಡೆದುಕೊಳ್ಳುತ್ತಿತ್ತು. ಪರೀಕ್ಷಕರು ಹಿಂದಿನ ದಿನವೇ ಬಂದು ಉಳಿದುಕೊಳ್ಳಲಿ, ಖರ್ಚನ್ನು ನಾವು ಪೋಷಕರೇ ಹಂಚಿಕೊಳ್ಳುತ್ತೇವೆ ಅಂತ ಬರೆದು ಕೊಟ್ಟಿದ್ದೇವೆ, ಮೂವತ್ತೆರಡು ಜನ ಸಹಿ ಹಾಕಿದ್ದಾರೆ. ಮುಂದಿನ ಸಲ ಟೆಸ್ಟ್ ಬೆಳಿಗ್ಗೆ ಆರಕ್ಕೆ ಆದರೆ ಐದನೇ ಸ್ಟಾರ್ ನಾನೇ ಬಂದು ಹಾಕುತ್ತೇನೆ.

ಸಣ್ಣ ಕೊರತೆಗಳೂ ಇವೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಸರಿಯಾದ ಜಾಗ ಇಲ್ಲ, ಸ್ಟೋರ್ ರೂಮಿಗೆ ಪರದೆ ಕಟ್ಟಿದ್ದಾರೆ. ಹುಡುಗಿಯರು ಬಾತ್‌ರೂಮ್ ಚೆನ್ನಾಗಿಲ್ಲ ಅಂತಲೇ ನೀರು ಕಡಿಮೆ ಕುಡಿಯುತ್ತಾರೆ, ಇದನ್ನು ಮಾಸ್ಟರ್‌ಗೆ ಹೇಳಿದಾಗ ಅವರಿಗೆ ಅಲ್ಲಿಯವರೆಗೂ ಹೊಳೆದೇ ಇರಲಿಲ್ಲ. ಈಗ ದಿನಾ ತೊಳೆಸುತ್ತಿದ್ದಾರೆ, ಬಾಗಿಲ ಚಿಲಕ ಹಾಕಿಸಿದ್ದಾರೆ. ಇನ್ನೊಂದು ಬಾತ್‌ರೂಮ್ ಬೇಕೇ ಬೇಕು.

ಸೇರಿಸುವವರಿಗೆ: ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೆಳಗಿನ ಬ್ಯಾಚ್ ಆರು ಗಂಟೆಗೆ ಬದಲಾಗುತ್ತದೆ, ಕೇಳಿಕೊಂಡು ಹೋಗಿ. ಮಗುವಿಗೆ ಆಸ್ತಮಾ, ಫಿಟ್ಸ್, ಹೃದಯದ ತೊಂದರೆ ಏನಾದರೂ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡದೆ ಬರೆಯಿರಿ, ದಿನಾ ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನೂ ಬರೆಯಿರಿ, ಕೆಲವು ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಎರಡು ಒಣ ಟವಲ್ ಕಳಿಸಿ. ಬಾಟಲಿ ಮೇಲೆ ಹೆಸರು ಬರೆದಿರಲಿ, ನಮ್ಮ ಬ್ಯಾಚಿನಲ್ಲಿ ಒಂದೇ ಥರದ ನೀಲಿ ಬಾಟಲಿ ಒಂಬತ್ತು ಇವೆ.